ಅಷ್ಟಮಿಯ ದಿನ ಬಾಡದಿಂದ ಗೋಕರ್ಣಕ್ಕೆ: ಬಂಡೆಗಳ ಬುಡದಲ್ಲಿ ಒಂದು ದಿನದ ನಡಿಗೆ

ಕುಮಟಾದಿಂದ ಗೋಕರ್ಣದವರೆಗಿನ ಕಡಲ ದಂಡೆಯ ಚಾರಣವನ್ನು ಹೆಚ್ಚಿನವರು ನಡುವೆ ಒಂದು ರಾತ್ರಿ ಟೆಂಟ್ ಹಾಕಿ ಎರಡು ದಿನಗಳಲ್ಲಿ ಮುಗಿಸುತ್ತಾರೆ. ಆ ದಾರಿಯ ನಡುವಿನ ಬಾಡ ಎಂಬ ಊರಿನಿಂದ ಹೊರಟರೆ ಅದರ ಸೊಗಸಿನ ಭಾಗವನ್ನೆಲ್ಲ ಒಂದೇ ದಿನದಲ್ಲಿ ನಡೆಯಬಹುದು, ಗೋಕರ್ಣದ ಕಡೆಗಿರುವ ಬೇಲೆಕಾನದಾಚೆಯ ಬಂಡೆಗಳನ್ನು ಗುಡ್ಡ ಹತ್ತಿ ತಪ್ಪಿಸಿಕೊಳ್ಳದೆ ಬುಡದಿಂದಲೇ ದಾಟಬಹುದು, ಸಂಜೆಯ ಚಹಾದ ಹೊತ್ತಿಗೆ ಗೋಕರ್ಣ ಸೇರಬಹುದು ಎಂದು ನಾನು ಹೇಳಿದಾಗ ನಮ್ಮ ಗುಂಪಿನಲ್ಲಿ ನಂಬಿದವರು ಯಾರೂ ಇರಲಿಲ್ಲ. ನಂಬದಿರಲು ಅವರಿಗೆ ಕಾರಣವೂ ಇತ್ತು, ಏಕೆಂದರೆ ಅದಕ್ಕೂ ಮೊದಲು ನಾನು ಎರಡು ಬಾರಿ ಅವರನ್ನು ಕರೆದುಕೊಂಡು ಹೋಗಿ ಎರಡು ಬಾರಿಯೂ ಸೋತಿದ್ದೆ.

ಮೊದಲ ಸೋಲು 2021ರ ಡಿಸೆಂಬರಿನ ಹುಣ್ಣಿಮೆಯ ಭಾನುವಾರದ್ದು. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಇಳಿತ ಅತಿ ಹೆಚ್ಚು, ಆದ್ದರಿಂದ ಬಂಡೆಗಳ ಬುಡ ಚೆನ್ನಾಗಿ ತೆರೆದಿರುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ. ಲೆಕ್ಕ ಸರಿಯೇ ಇತ್ತು, ಆದರೆ ಗಂಟೆಯನ್ನು ನೋಡಿರಲಿಲ್ಲ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆಯ ದಿನ ನೀರು ಅತಿ ಕೆಳಗಿಳಿಯುವುದು ಬೆಳಗಿನ ಜಾವ ಐದರ ಸುಮಾರಿಗೆ ಮತ್ತು ಸಂಜೆ ಐದರ ಸುಮಾರಿಗೆ. ನಾವು ಐದು ಜನ ಬೇಲೆಕಾನ ದಾಟಿ ಬಂಡೆಗಳಿಗೆ ಇಳಿದದ್ದು ಹತ್ತೂವರೆಗೆ, ಅಂದರೆ ಭರತ (ಉಬ್ಬರ) ತುದಿ ಮುಟ್ಟುವ ಹೊತ್ತಿಗೆ ಸರಿಯಾಗಿ. ಎರಡನೆಯ ಮೂಲೆ ತಿರುಗುವಷ್ಟರಲ್ಲಿ ಹಿಂದಿನ ದಾರಿ ಮುಚ್ಚಿತ್ತು, ಮುಂದಿನದು ಮೊದಲೇ ಮುಚ್ಚಿತ್ತು. ನನ್ನ ಮೊಬೈಲು, ಹದಿನಾಲ್ಕು ಸಾವಿರದ್ದು, ಒಂದು ಅಲೆಗೆ ಜೇಬಿನಿಂದಲೇ ಹೋಯಿತು. ಸೊಂಟದ ಮಟ್ಟದ ನೀರಿನಲ್ಲಿ ನಿಂತು ಕೂಗಿ ಕರೆದ ದೋಣಿಯವರು ನಮ್ಮನ್ನು ಓಂ ಬೀಚಿಗೆ ಮುಟ್ಟಿಸಲು ಎರಡು ಸಾವಿರದ ಐನೂರು ಕೇಳಿದರು, ನಾವು ಚೌಕಾಸಿ ಮಾಡಲಿಲ್ಲ.

ಎರಡನೆಯ ಬಾರಿ, ಮರುವರ್ಷದ ಮಾರ್ಚಿನಲ್ಲಿ, ಕುಮಟಾದ ವನ್ನಳ್ಳಿಯಿಂದಲೇ ಹೊರಟು ಎಲ್ಲವನ್ನೂ, ಸುಮಾರು ಇಪ್ಪತ್ತೈದು ಕಿಲೋಮೀಟರನ್ನು, ಒಂದೇ ದಿನದಲ್ಲಿ ಮುಗಿಸುವ ಹಟ ಮಾಡಿದೆ. ಹನ್ನೊಂದರ ಬಿಸಿಲಿಗೆ ಮರಳು ಕಾದು, ತಲೆಗೆ ಎರಡು ಲೀಟರಿನಂತೆ ಒಯ್ದ ನೀರು ಅಘನಾಶಿನಿ ಊರು ಮುಟ್ಟುವ ಮೊದಲೇ ಮುಗಿದು, ಹೊಳೆಯಾಚೆಯ ತದಡಿಯಲ್ಲಿ ಇಬ್ಬರ ಅಂಗಾಲಿನ ಚರ್ಮ ಗುಳ್ಳೆಯೆದ್ದು ಕಿತ್ತುಬಂತು. ಅಲ್ಲಿಂದ ಗೋಕರ್ಣಕ್ಕೆ ಆಟೋ ಹಿಡಿದೆವು. ಆರುನೂರು ರೂಪಾಯಿಯೆಂದು ನೆನಪು.

ದಾರಿ ತೋರಿಸಿದ್ದು ಆ ದಿನವೇ, ತದಡಿಯ ದಕ್ಕೆಯಲ್ಲಿ. ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ಆರಿಸಿ ಬಂದು ಬುಟ್ಟಿ ತೊಳೆಯುತ್ತಿದ್ದ ವಯಸ್ಸಾದ ಹೆಂಗಸೊಬ್ಬರ ಪಕ್ಕದಲ್ಲಿ ಕಾಲು ಚಾಚಿ ಕುಳಿತು, ಹಿಂದಿನ ವರ್ಷ ಬಂಡೆಗಳಲ್ಲಿ ಸಿಕ್ಕಿಬಿದ್ದ ಕಥೆಯನ್ನು ಹೇಳಿಕೊಂಡೆ. ಅವರು ತಲೆ ಎತ್ತದೆಯೇ, "ಹುಣ್ಮಿ ದಿನ ಹೊತ್ತೇರ್ದ ಮೇಲೆ ಸಮುದ್ರ ಹಾದಿ ಕೊಡುದಿಲ್ಲ ತಮಾ, ಅಷ್ಟಮಿ ಹೊತ್ತಿಗೆ ಬಾ" ಎಂದರು. ಅಷ್ಟಮಿಯಂದು ನೀರು ಅಷ್ಟೇನೂ ಇಳಿಯುವುದಿಲ್ಲವಲ್ಲ ಅಮ್ಮಾ ಎಂದರೆ, "ಇಳಿಯುದಿಲ್ಲ, ಏರುದೂ ಇಲ್ಲ" ಎಂದು ಬುಟ್ಟಿಯನ್ನು ತಲೆಗಿಟ್ಟುಕೊಂಡು ಹೋದರು.

ಮನೆಗೆ ಬಂದು ಪಂಚಾಂಗವನ್ನೂ ಕಾರವಾರ ಬಂದರಿನ ಉಬ್ಬರವಿಳಿತದ ಕೋಷ್ಟಕವನ್ನೂ ಪಕ್ಕಪಕ್ಕದಲ್ಲಿಟ್ಟು ನಾಲ್ಕು ತಿಂಗಳ ದಿನಗಳನ್ನು ಹೋಲಿಸಿದೆ. ತಿಥಿಯ ಸಂಖ್ಯೆಯನ್ನು ಮುಕ್ಕಾಲರಿಂದ ಗುಣಿಸಿದರೆ ಭರತದ ಗಂಟೆ ಸಿಗುತ್ತದೆ ಎಂಬ ಮೀನುಗಾರರ ಲೆಕ್ಕವನ್ನು ನಿಮ್ಮಲ್ಲಿ ಅನೇಕರು ಕೇಳಿರಬಹುದು. ತಿಥಿಗೆ ಎರಡು ಗಳಿಗೆ, ಅಂದರೆ ನಲವತ್ತೆಂಟು ನಿಮಿಷ, ನೀರು ತಡವಾಗುತ್ತಾ ಹೋಗುತ್ತದೆ; ಮುಕ್ಕಾಲು ಗಂಟೆ ಎಂಬುದು ಅದರ ಒರಟು ಅಂದಾಜು. ಮುಕ್ಕಾಲರ ಲೆಕ್ಕದಲ್ಲಿ ಅಷ್ಟಮಿಯ ಭರತ ಬೆಳಗ್ಗೆ ಆರಕ್ಕೆ ಬರುತ್ತದೆ. ನಮ್ಮ ಕಡೆ ಅದರಿಂದ ಅರ್ಧ ಮುಕ್ಕಾಲು ಗಂಟೆ ಕಳೆಯಬೇಕಾಗುತ್ತದೆ ಎಂಬುದು ನನ್ನ ಹೋಲಿಕೆಯಿಂದ ಗೊತ್ತಾಯಿತು. ಹಾಗಾದರೆ ಇಳಿತದ ತಳ ಸಿಗುವುದು ಹನ್ನೊಂದೂವರೆಯ ಆಸುಪಾಸಿನಲ್ಲಿ, ಅಂದರೆ ಬಾಡದಿಂದ ಬೆಳಗ್ಗೆ ಹೊರಟವನು ಬಂಡೆಗಳ ಬುಡದಲ್ಲಿರಬೇಕಾದ ಹೊತ್ತಿನಲ್ಲಿಯೇ. ಹುಣ್ಣಿಮೆಯಲ್ಲಿ ಒಂದೂವರೆ ಮೀಟರಿಗೂ ಹೆಚ್ಚು ಏರಿಳಿಯುವ ನೀರು ಅಷ್ಟಮಿಯ ಹೊತ್ತಿಗೆ ಅದರ ಅರ್ಧದಷ್ಟು ಮಾತ್ರ ಏರಿಳಿಯುವುದರಿಂದ, ಹೊತ್ತು ತುಸು ತಪ್ಪಿದರೂ ಕುತ್ತಿಗೆಗೆ ಬರುವುದಿಲ್ಲ. ಆದರೂ ಪಂಚಾಂಗದಿಂದ ನಾನು ದಿನವನ್ನು ಮಾತ್ರ ಆರಿಸುತ್ತೇನೆ, ಗಂಟೆಯನ್ನು ಕೋಷ್ಟಕದಿಂದಲೇ ತೆಗೆದುಕೊಳ್ಳುತ್ತೇನೆ. ಅಷ್ಟಮಿಯ ಸುತ್ತಲಿನ ದಿನಗಳಲ್ಲಿ ಮುಕ್ಕಾಲರ ಲೆಕ್ಕ ಒಮ್ಮೊಮ್ಮೆ ಒಂದು ಗಂಟೆಯಷ್ಟು ಜಾರುತ್ತದೆ.

ಇದರ ಜೊತೆಗೆ ಹೈದರಾಬಾದಿನ ಇನ್‌ಕಾಯ್ಸ್ ಎಂಬ ಸಾಗರ ಮಾಹಿತಿ ಸಂಸ್ಥೆಯ ಅಲೆಗಳ ಮುನ್ಸೂಚನೆಯನ್ನು ಹಿಂದಿನ ಸಂಜೆ ನೋಡುತ್ತೇನೆ. ಅಲೆಯ ಎತ್ತರ ಒಂದು ಮೀಟರ್ ದಾಟಿದ್ದರೆ ಅಥವಾ ದೂರದ ಉಬ್ಬಲೆಗಳ ಎಚ್ಚರಿಕೆಯಿದ್ದರೆ ಬಂಡೆಗಳ ದಾರಿಯನ್ನು ಬಿಟ್ಟು ಗುಡ್ಡದ ಮೇಲಿನ ಕಾಲುದಾರಿಯನ್ನೇ ಹಿಡಿಯುತ್ತೇನೆ. ಮಳೆಗಾಲದ ಮಾತನ್ನು ನಾನು ಎತ್ತುವುದೇ ಇಲ್ಲ.

ಶುಕ್ಲಪಕ್ಷದ ಅಷ್ಟಮಿಯೇ ಏಕೆ ಎಂದು ಗೆಳೆಯರು ಕೇಳುತ್ತಾರೆ. ನೀರಿನ ಮಟ್ಟಿಗೆ ಎರಡೂ ಪಕ್ಷಗಳು ಒಂದೇ. ಆದರೆ ಶುಕ್ಲ ಅಷ್ಟಮಿಯಲ್ಲಿ ಸೂರ್ಯ ಮುಳುಗುವಾಗ ಚಂದ್ರ ನೆತ್ತಿಯ ಮೇಲಿರುತ್ತಾನೆ, ತಡವಾದವರಿಗೆ ನಡುರಾತ್ರಿಯವರೆಗೆ ಬೆಳಕು ಸಿಗುತ್ತದೆ. ತೊಂದರೆಯೆಂದರೆ ಅಷ್ಟಮಿ ಭಾನುವಾರಕ್ಕಾಗಿ ಕಾಯುವುದಿಲ್ಲ. 2024ರ ಜನವರಿಯಲ್ಲಿ ಅದು ಗುರುವಾರ ಬಂತು; ಆರು ಜನ ರಜೆ ಹಾಕಿದೆವು. ಬೆಂಗಳೂರಿನ ಇಬ್ಬರಿಗೆ ಹಿಂದಿನ ದಿನವೇ ಬಂದು ಕುಮಟಾದಲ್ಲಿ ಉಳಿಯಲು ಹೇಳಿದ್ದೆ, ಏಕೆಂದರೆ ರಾತ್ರಿಯ ರೈಲಿನಿಂದ ಇಳಿದು ನೇರವಾಗಿ ನಡೆಯಲು ಹೊರಟರೆ ಕೋಷ್ಟಕದ ಲೆಕ್ಕವೆಲ್ಲ ಒಂದೂವರೆ ಗಂಟೆ ಹಿಂದೆ ಬೀಳುತ್ತದೆ.

ಬಾಡದ ದಂಡೆಯನ್ನು ಆರೂಮುಕ್ಕಾಲಿಗೆ ಬಿಟ್ಟೆವು. ಮೊದಲ ಒಂದು ಗಂಟೆ ಕಷ್ಟದ್ದೇ, ಏಕೆಂದರೆ ನೀರು ಆಗಷ್ಟೇ ಇಳಿಯತೊಡಗಿರುವುದರಿಂದ ಗಟ್ಟಿ ಮರಳಿನ ಪಟ್ಟಿ ಇನ್ನೂ ಮೇಲೆ ಬಂದಿರುವುದಿಲ್ಲ, ಹೆಜ್ಜೆ ಹೂಳುತ್ತದೆ. ಕಾಗಾಲ ದಾಟಿದ ಮೇಲೆ ಪಟ್ಟಿ ಅಗಲವಾಗುತ್ತಾ ಬಂದು ನಡಿಗೆಗೆ ವೇಗ ಬಂತು. ಅಘನಾಶಿನಿಯ ದಕ್ಕೆಯಲ್ಲಿ ದೋಣಿಗಾಗಿ ಕಾಯುವ ಹೊತ್ತನ್ನು ನಾನು ಮೊದಲೇ ಮುಕ್ಕಾಲು ಗಂಟೆಯೆಂದು ಹಿಡಿದಿದ್ದೆ. ಇಪ್ಪತ್ತು ನಿಮಿಷವಷ್ಟೇ ಕಾದೆವು. ಅಣೆಕಟ್ಟಿಲ್ಲದೆ ಕಡಲು ಸೇರುವ ಈ ಹೊಳೆಯ ಅಳಿವೆ ಅದೇ ತಿಂಗಳ ಕೊನೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. ದೋಣಿಯ ಅಂಚಿನಿಂದ ನೋಡಿದರೆ ಬಳಚು ಆರಿಸುವವರು ಮೊಣಕಾಲು ನೀರಿನಲ್ಲಿ ಸಾಲಾಗಿ ಬಾಗಿ ನಿಂತಿದ್ದರು. ಅವರು ನೀರಿಗಿಳಿದಿದ್ದಾರೆಂದರೆ ಇಳಿತ ನನ್ನ ಲೆಕ್ಕದಂತೆಯೇ ಇದೆ ಎಂದು ಧೈರ್ಯವಾಯಿತು.

ಪಾದರಕ್ಷೆಯ ವಿಷಯದಲ್ಲಿ ಒಂದು ಪ್ರಯೋಗವನ್ನೂ ಅಂದೇ ಮಾಡಿದೆ. ಪಾಚಿಯ ಬಂಡೆಯ ಮೇಲೆ ದುಬಾರಿ ಚಾರಣದ ಬೂಟು ಜಾರುವಷ್ಟು ಬೇರೆ ಯಾವುದೂ ಜಾರುವುದಿಲ್ಲ. ಮೂರೂವರೆ ಸಾವಿರ ಕೊಟ್ಟು ಕಲಿತ ಪಾಠ ಅದು. ಈ ಸಲ ಸಾಮಾನ್ಯ ರಬ್ಬರ್ ಚಪ್ಪಲಿಗೆ ಹಿಮ್ಮಡಿಯ ಪಟ್ಟಿ ಹೊಲಿಸಿ, ಅಟ್ಟೆಯ ಸುತ್ತ ಕತ್ತದ ಹಗ್ಗವನ್ನು ಮೂರು ಸುತ್ತು ಬಿಗಿದೆ. ಒದ್ದೆಯಾದ ಕತ್ತ ಪಾಚಿಯನ್ನು ಕಚ್ಚಿ ಹಿಡಿಯುವುದನ್ನು ನೋಡಿ ಉಳಿದವರೂ ಮುಂದಿನ ಬಾರಿಗೆ ಹಗ್ಗ ಕೊಳ್ಳುವ ಮಾತಾಡಿದರು. ಆದರೆ ಬಂಡೆಗೆ ಅಂಟಿದ ಚಿಪ್ಪುಗಳ ಅಂಚು ಬ್ಲೇಡಿನಂತಿರುವುದರಿಂದ ಹಗ್ಗ ಒಂದು ಗಂಟೆಗಿಂತ ಹೆಚ್ಚು ಬಾಳಲಿಲ್ಲ. ಬದಲಿಗೆಂದು ಇನ್ನೊಂದು ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದರಿಂದ ಬಚಾವಾದೆ.

ಬೇಲೆಕಾನದಿಂದ ಹತ್ತೂವರೆಗೆ ಬಂಡೆಗಳಿಗೆ ಇಳಿದೆವು. ಪಡುವಣಕ್ಕೆ ಮುಖ ಮಾಡಿದ ಗುಡ್ಡವಾದ್ದರಿಂದ ಕೆಲವು ಸಂದುಗಳಲ್ಲಿ ಆ ಹೊತ್ತಿಗೂ ನೆರಳಿರುತ್ತದೆ. ಹಿಂದೊಮ್ಮೆ ಸೊಂಟದ ನೀರಿನಲ್ಲಿ ನಿಂತಿದ್ದ ಮೂಲೆಯಲ್ಲಿ ಈ ಸಲ ಪಾದ ಮುಳುಗುವಷ್ಟು ನೀರಿತ್ತು. ಗುಂಡಿಯೊಂದರಲ್ಲಿ ಉಳಿದ ನೀರಿನಲ್ಲಿ ಕಪ್ಪು ಏಡಿಯೊಂದು ನಮ್ಮ ನೆರಳು ಬಿದ್ದ ಕೂಡಲೇ ಓರೆಯಾಗಿ ಸರಿದು ಬಿರುಕು ಸೇರಿತು. ಅದೇ ಬಿರುಕಿನ ಮೇಲೆ, ನನ್ನ ಎದೆಯ ಎತ್ತರಕ್ಕೆ, ಹುಣ್ಣಿಮೆಯ ಭರತದ ಗೆರೆ ಬಿಳಿಯಾಗಿ ಒಣಗಿತ್ತು. ಗೆಳೆಯರು ಅದನ್ನು ನೋಡಿದರು, ಮಾತಾಡಲಿಲ್ಲ.

ಈ ತುಂಡಿನಲ್ಲಿ ನಡುದಾರಿಯಿಂದ ಗುಡ್ಡ ಹತ್ತಿ ತಪ್ಪಿಸಿಕೊಳ್ಳಬಹುದಾದ ಸಂದು ಒಂದೇ ಒಂದಿದೆ. ಅದು ಎಲ್ಲಿದೆಯೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದನ್ನು ನಂಬಿ ಹುಣ್ಣಿಮೆಯಂದೇ ಇಳಿಯುವವರು ಹುಟ್ಟಿಕೊಳ್ಳುತ್ತಾರೆ. ಅದರ ಬದಿಯಲ್ಲಿರುವ, ಹೆಸರಿಲ್ಲದ ಪುಟ್ಟ ಕೊಲ್ಲಿಯನ್ನೂ ನನಗಾಗಿಯೇ ಇಟ್ಟುಕೊಂಡಿದ್ದೇನೆ. ಹಿಂದಿರುಗುವ ಗಡಿಯನ್ನು ಮಾತ್ರ ಹೇಳಬಲ್ಲೆ: ಹನ್ನೆರಡೂವರೆಗೆ ಪ್ಯಾರಡೈಸ್ ಬೀಚು ಕಾಣದಿದ್ದರೆ ಮುಂದೆ ಹೋಗದೆ ಬೇಲೆಕಾನಕ್ಕೆ ವಾಪಸು. ನೀರು ಮೊದಲ ಗಂಟೆಯಲ್ಲಿ ನಿಧಾನವಾಗಿ ಏರಿ ನಂಬಿಸುತ್ತದೆ, ಮೂರನೆಯ, ನಾಲ್ಕನೆಯ ಗಂಟೆಗಳಲ್ಲಿ ಓಡುತ್ತದೆ. ಇದನ್ನು ತದಡಿಯಲ್ಲಿ ಗೆರೆ ಎಳೆದ ಕೋಲು ನೆಟ್ಟು ಒಂದು ಇಡೀ ದಿನ ನೋಡಿ ಬರೆದುಕೊಂಡಿದ್ದೇನೆ. ಅಲ್ಲದೆ ಮಧ್ಯಾಹ್ನದ ಮೇಲೆ ಕಡಲಿನಿಂದ ಗಾಳಿ ಎದ್ದು ಅಲೆಗಳೂ ಒರಟಾಗುತ್ತವೆ.

ನಾವು ಪ್ಯಾರಡೈಸ್ ಮುಟ್ಟಿದ್ದು ಹನ್ನೆರಡಕ್ಕೆ ಐದು ನಿಮಿಷವಿರುವಾಗ. ಅಲ್ಲಿ ಬುತ್ತಿ ಬಿಚ್ಚಿ, ಮುರುಗಲ ಪಾನಕ ಕುಡಿದು, ಒಂದು ಗಂಟೆ ಮಲಗಿದೆವು. ನೀರನ್ನು ಈ ಸಲ ತಲೆಗೆ ಮೂರು ಲೀಟರಿನಂತೆ ಒಯ್ದಿದ್ದು, ಉಪ್ಪು ಹಾಕಿದ ಪಾನಕ ಅದಕ್ಕೆ ಹೊರತಾಗಿತ್ತು. ಅಲ್ಲಿಂದ ಮುಂದಿನ ಹಾಫ್ ಮೂನ್, ಓಂ, ಕುಡ್ಲೆ ಬೀಚುಗಳ ದಾರಿ ಹೆಚ್ಚಿನ ಚಾರಣಿಗರಿಗೆ ಗೊತ್ತಿರುವುದೇ. ನಾಲ್ಕೂ ಹತ್ತಕ್ಕೆ ಗೋಕರ್ಣದ ರಥಬೀದಿಯಲ್ಲಿ ಚಹಾ ಕುಡಿದೆವು. ಮೊಬೈಲು ಹದಿನೇಳೂವರೆ ಕಿಲೋಮೀಟರ್ ತೋರಿಸುತ್ತಿತ್ತು. ಕುಮಟಾದ ವಸತಿ ಬಿಟ್ಟರೆ ತಲೆಗೆ ಮುನ್ನೂರೈವತ್ತು ರೂಪಾಯಿಗೂ ಕಡಿಮೆ ಖರ್ಚು. ಅದರಲ್ಲಿ ಹೆಚ್ಚಿನದು ಬೆಳಗ್ಗೆ ಬಾಡಕ್ಕೆ ಹೋದ ಆಟೋದ್ದು.

ಆಮೇಲೆ ಇದೇ ಲೆಕ್ಕದಲ್ಲಿ ಮೂರು ಬಾರಿ ಹೋಗಿಬಂದಿದ್ದೇನೆ, ಎರಡು ಬಾರಿ ಸಪ್ತಮಿಯಂದು. ಮೊದಲು ನಕ್ಕವರಲ್ಲಿ ಇಬ್ಬರು ಈಗ ವರ್ಷದ ಆರಂಭದಲ್ಲಿಯೇ ಫೋನು ಮಾಡಿ, ರಜೆ ಬರೆಯಬೇಕು, ಯಾವ ಅಷ್ಟಮಿ ಎಂದು ಕೇಳುತ್ತಾರೆ. ಮಹಾಶಿವರಾತ್ರಿಯ ಹಿಂದುಮುಂದಿನ ದಿನಗಳನ್ನು ಬಿಡಿ ಎನ್ನುತ್ತೇನೆ, ಆಗ ಗೋಕರ್ಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬಾಡದ ಮೊದಲ ಗಂಟೆಯ ಹೂಳುವ ಮರಳಿಗೆ ಮಾತ್ರ ಇನ್ನೂ ಉಪಾಯ ಸಿಕ್ಕಿಲ್ಲ. ನವಮಿಯಂದು ಗೋಕರ್ಣದಿಂದ ಹೊರಟು ತಿರುಗುಮುರುಗಾಗಿ ನಡೆದರೆ ಆ ತುಂಡು ಕೊನೆಗೆ, ದಣಿದ ಕಾಲಿಗೆ, ಏರುವ ನೀರಿನಲ್ಲಿ ಸಿಗುತ್ತದೆ; ಅದನ್ನೂ ಒಮ್ಮೆ ನಡೆದು ನೋಡದೆ ಏನನ್ನೂ ಹೇಳಲಾರೆ. ಬರುವ ಚಳಿಗಾಲಕ್ಕೆ ಕತ್ತದ ಹಗ್ಗವನ್ನು ಈಗಲೇ ತಂದಿಟ್ಟಿದ್ದೇನೆ.