ಹಿಟ್ಲರನ ಪಾಠದಲ್ಲಿ ಟಿಪ್ಪು ಬಂದಾಗ

ಮಂಗಳೂರಿನ ಹೈಸ್ಕೂಲೊಂದರಲ್ಲಿ ಒಂಬತ್ತನೇ ಕ್ಲಾಸಿಗೆ ಸಮಾಜ ವಿಜ್ಞಾನ ಕಲಿಸುತ್ತೇನೆ. ಹಿಟ್ಲರನ ಪಾಠಕ್ಕೆ ಹೆಣಗಳ ಫೋಟೋ ತೋರಿಸುವುದಿಲ್ಲ. ಮಕ್ಕಳು ಅದನ್ನು ಮೊಬೈಲಿನಲ್ಲಿ ಹೇಗೂ ನೋಡಿರುತ್ತಾರೆ. ನೀನು ಯಹೂದಿ, ನೀನು ನಾಜಿ ಅಂತ ನಾಟಕ ಆಡಿಸುವುದಂತೂ ಇಲ್ಲವೇ ಇಲ್ಲ.

ನಾನು ಶುರು ಮಾಡುವುದು ಅಂಗಡಿಯಿಂದ. 1933ರ ಏಪ್ರಿಲ್ 1ರಂದು ಯಹೂದಿಗಳ ಅಂಗಡಿಗಳ ಮುಂದೆ ನಾಜಿಗಳು ನಿಂತು ಗಿರಾಕಿಗಳನ್ನು ತಡೆದರು. ಅದೇ ತಿಂಗಳು ಸರ್ಕಾರಿ ಕೆಲಸದಿಂದ ತೆಗೆಯುವ ಕಾನೂನು ಬಂತು. 1935ರಲ್ಲಿ ಪೌರತ್ವ ಹೋಯಿತು, 1938ರ ನವೆಂಬರಿನಲ್ಲಿ ಅವರ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಬಿತ್ತು. ಗ್ಯಾಸ್ ಚೇಂಬರ್ ಇನ್ನೂ ಬಂದಿಲ್ಲ ನೋಡಿ! ಪ್ರತಿ ಇಸವಿಯ ಎದುರು ಒಂದೇ ಪ್ರಶ್ನೆ ಬರೆಯುತ್ತೇನೆ: ಆ ದಿನ ಪಕ್ಕದ ಮನೆಯವರು ಏನು ಮಾಡಬಹುದಿತ್ತು? ಕೊಲೆಯಾದ ಯಹೂದಿಗಳು 60 ಲಕ್ಷ ಎಂಬ ಸಂಖ್ಯೆ ಬರುವುದು ಕೊನೆಗೆ. ಆಫ್ರಿಕಾದ ರುವಾಂಡಾವನ್ನೂ ಸೇರಿಸುತ್ತೇನೆ, ಅಲ್ಲಿ ನರಮೇಧಕ್ಕೆ ಗುರಿಯಾದ ಟುಟ್ಸಿ ಸಮುದಾಯದವರನ್ನು ಜಿರಳೆ ಎಂದ 1994ರ ರೇಡಿಯೋ ಕಥೆ, ಇಲ್ಲದಿದ್ದರೆ ಅದೆಲ್ಲ ಜರ್ಮನಿಯವರ ಬುದ್ಧಿ ಅಂತ ಮಕ್ಕಳು ಕೈ ತೊಳೆದುಕೊಳ್ಳುತ್ತಾರೆ.

"ಸರ್, ಟಿಪ್ಪು ಮಾಡಿದ್ದೂ ಇದೇ ಅಲ್ವಾ?" ನಮ್ಮೂರಲ್ಲಿ ಈ ಪ್ರಶ್ನೆ ಬಾರದೆ ಪಾಠ ಮುಗಿಯುವುದಿಲ್ಲ. ಟಿಪ್ಪುವಿನ ಕಾಲದಲ್ಲಿ ಸೆರೆಯಾದ ಕ್ಯಾಥೊಲಿಕ್ ಮನೆತನಗಳ ಮಕ್ಕಳೂ ಕ್ಲಾಸಿನಲ್ಲಿರುತ್ತಾರೆ, ಪಕ್ಕದ ಬೆಂಚಿನಲ್ಲಿ ಕರಾವಳಿಯ ಮುಸ್ಲಿಮರಾದ ಬ್ಯಾರಿ ಮಕ್ಕಳೂ ಇರುತ್ತಾರೆ. ಸಿಲೆಬಸ್‌ನಲ್ಲಿಲ್ಲ ಅಂತ ಜಾರಿಕೊಳ್ಳುವುದು ಸುಲಭ. ಆದರೆ ನಾನು ಹೇಳದಿದ್ದರೆ ವಾಟ್ಸಾಪ್ ಹೇಳುತ್ತದೆ. ಹಾಗಾಗಿ ನೇರವಾಗಿ ಹೇಳುತ್ತೇನೆ. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕ್ಯಾಥೊಲಿಕರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದರು, ಚರ್ಚುಗಳನ್ನು ಕೆಡವಿದರು, ದಾರಿಯಲ್ಲೂ ಸೆರೆಯಲ್ಲೂ ತುಂಬಾ ಜನ ಸತ್ತರು, ಉಳಿದವರಿಗೆ ಬಿಡುಗಡೆ ಸಿಕ್ಕಿದ್ದು 1799ರಲ್ಲಿ ಟಿಪ್ಪು ಸತ್ತ ಮೇಲೆ. ಎಷ್ಟು ಜನ? ದಾಖಲೆಗಳ ಲೆಕ್ಕ ಒಂದಕ್ಕೊಂದು ಕೂಡುವುದಿಲ್ಲ, ಅದನ್ನೂ ಹೇಳುತ್ತೇನೆ. 1791ರಲ್ಲಿ ಮರಾಠಾ ಸೈನ್ಯ ಲೂಟಿ ಮಾಡಿದ ಶೃಂಗೇರಿ ಮಠಕ್ಕೆ ಇದೇ ಟಿಪ್ಪು ನೆರವು ಕಳಿಸಿದ್ದೂ ಬೋರ್ಡಿನ ಮೇಲೆ ಬರುತ್ತದೆ. ಒಂದನ್ನು ಬರೆಯಲು ಇನ್ನೊಂದನ್ನು ಅಳಿಸಬೇಕಿಲ್ಲ.

ಇದೂ ನರಮೇಧವಾ ಅಂತ ಕೇಳಿದರೆ 1948ರ ವಿಶ್ವಸಂಸ್ಥೆ ಒಪ್ಪಂದದ ವ್ಯಾಖ್ಯೆ ಓದಿಸುತ್ತೇನೆ, ವಾದ ಮಾಡಲಿ. ಸೆರೆಗೆ ಕೊಟ್ಟ ಕಾರಣ, ಇವರು ಬ್ರಿಟಿಷರಿಗೆ ಸಹಾಯ ಮಾಡಿದರು ಎಂಬುದು. ಕೆಲವರು ಮಾಡಿದ್ದರೂ ಇಡೀ ಸಮುದಾಯವನ್ನು ಯಾಕೆ ಎಳೆದುಕೊಂಡು ಹೋದರು ಅಂತ ಕೇಳುತ್ತೇನೆ. ಅದಾದ ಕೂಡಲೇ ಕ್ಲಾಸಿನ ನಿಯಮ ಹೇಳುತ್ತೇನೆ: "ನಿಮ್ಮವರು", "ನಮ್ಮವರು" ಅನ್ನುವಂತಿಲ್ಲ. ಯಾರ ಆಜ್ಞೆ, ಯಾವ ಇಸವಿ, ಯಾವ ದಾಖಲೆ, ಅಷ್ಟೇ.

ಎರಡೂ ಕಡೆಯ ಪೋಷಕರಿಂದ ಫೋನ್ ಬರುತ್ತದೆ. ಮಗುವಿನ ನೋಟ್ಸ್ ತನ್ನಿ, ಯಾವ ಸಾಲು ತಪ್ಪು ಅಂತ ತೋರಿಸಿ ಎನ್ನುತ್ತೇನೆ.