ಬೇಸಿಗೆ ರಜೆಯ ಒಂದು ಭಾನುವಾರ ಮೇಲುಕೋಟೆಗೆ: ಎಷ್ಟೊತ್ತಿಗೆ ಹೊರಡಬೇಕು, ಏನು ಉಡಬೇಕು, ಏನು ಕಟ್ಟಿಕೊಳ್ಳಬೇಕು

ಏಪ್ರಿಲ್, ಮೇ ತಿಂಗಳಲ್ಲಿ ಮೇಲುಕೋಟೆಗೆ ಹೋಗಬೇಡಿ ಅನ್ನುವವರು ಬಹಳ ಜನ ಸಿಗುತ್ತಾರೆ. ಬಿಸಿಲು, ಕಾದ ಕಲ್ಲು, ರಜೆಯ ಜನಜಂಗುಳಿ ಅಂತ ಕಾರಣ ಕೊಡುತ್ತಾರೆ. ಮೂರೂ ನಿಜವೇ. ಆದರೆ ಮಕ್ಕಳಿಗೆ ರಜೆ ಸಿಗುವುದೇ ಆಗ ಅಲ್ವಾ? ಹಾಗಾಗಿ ಹೋಗಿ, ಆದರೆ ಗಡಿಯಾರ ನೋಡಿಕೊಂಡು ಹೋಗಿ. ಹನ್ನೊಂದು ಗಂಟೆಯೊಳಗೆ ದೇವರು, ಬೆಟ್ಟ ಎಲ್ಲ ಮುಗಿಯಬೇಕು. ಹನ್ನೊಂದರಿಂದ ನಾಲ್ಕರವರೆಗೆ ನೆರಳು ಬಿಟ್ಟು ಕದಲಬಾರದು. ಸಂಜೆ ಮತ್ತೆ ಓಡಾಟ. ಇಷ್ಟನ್ನು ಮನೆಯವರೆಲ್ಲ ಒಪ್ಪಿಕೊಂಡರೆ ಬಟ್ಟೆ, ಬುತ್ತಿ, ಚಪ್ಪಲಿ, ತಲೆಗೆ ಮುಡಿಯುವ ಹೂವು ಎಲ್ಲವೂ ಅದರ ಹಿಂದೆಯೇ ತಾವಾಗಿ ತೀರ್ಮಾನವಾಗುತ್ತವೆ.

ಬೆಂಗಳೂರಿಂದ ಸುಮಾರು 140 ಕಿ.ಮೀ., ಮೈಸೂರಿಂದ 50 ಕಿ.ಮೀ. ಆಸುಪಾಸು. ಬೆಂಗಳೂರಿನವರು ಬೆಳಗಿನ ಜಾವ ನಾಲ್ಕೂವರೆಗೆ ಮನೆ ಬಿಡಬೇಕು. ಐದೂವರೆಗೆ ಅಂದುಕೊಂಡವರು ಹೊರಡುವುದು ಆರೂಕಾಲಿಗೆ, ಆಮೇಲೆ ತಿಂಡಿಗೆ ಅಂತ ಎಲ್ಲೋ ನಿಲ್ಲಿಸಿದರೆ ಮುಗಿಯಿತು, ಊರು ಮುಟ್ಟುವಾಗ ಸೂರ್ಯ ನೆತ್ತಿಗೆ ಹತ್ತಿರ ಬಂದಿರುತ್ತಾನೆ. ಕಾರಿನವರು ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಮಂಡ್ಯದ ಕಡೆಯಿಂದ ಹೋಗಬಹುದು. ಬೈಕಿನವರು ಗಮನಿಸಿ: 2023ರ ಆಗಸ್ಟ್ 1ರಿಂದ ಆ ರಸ್ತೆಯ ಮುಖ್ಯ ಪಥಕ್ಕೆ ದ್ವಿಚಕ್ರ ವಾಹನ ಬಿಡುವುದಿಲ್ಲ, ಪಕ್ಕದ ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. ಅದಕ್ಕಿಂತ ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸ್, ನಾಗಮಂಗಲ ದಾರಿ ವಾಸಿ. ನಾಗಮಂಗಲದಿಂದ ಜಕ್ಕನಹಳ್ಳಿವರೆಗೆ ಬಂದು ಮೇಲುಕೋಟೆಗೆ ತಿರುಗಿಕೊಳ್ಳುವುದು. ದಾರಿಯಲ್ಲಿ ನಾಗಮಂಗಲದ ಸೌಮ್ಯಕೇಶವ ದೇವಸ್ಥಾನವೂ ಸಿಗುತ್ತದೆ, ಆದರೆ ಹೋಗುವಾಗ ಇಳಿಯಬೇಡಿ, ಬರುವಾಗ ನೋಡಿಕೊಳ್ಳೋಣ.

ಬಸ್ಸಿನವರಿಗೆ ಮೈಸೂರು, ಮಂಡ್ಯ, ಪಾಂಡವಪುರದಿಂದ ಬಸ್ಸುಗಳಿವೆ. ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಶಕ್ತಿ ಯೋಜನೆಯ ಉಚಿತ ಟಿಕೆಟ್ ಇದೆ, ಆಧಾರ್ ಕಾರ್ಡ್ ಮರೆಯಬೇಡಿ. ರಜೆಯ ಭಾನುವಾರ ಸೀಟು ಸಿಗುತ್ತದೆ ಅಂತ ಮಾತ್ರ ನಂಬಿಕೊಂಡು ಹೋಗಬೇಡಿ. ಶನಿವಾರ ರಾತ್ರಿಯೇ ಮೈಸೂರಲ್ಲಿ ನೆಂಟರ ಮನೆ ಸೇರಿಕೊಂಡರೆ ಎಲ್ಲಕ್ಕಿಂತ ಸುಲಭ.

ಇನ್ನು ಬಟ್ಟೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಜನ ಎಡವುವುದು ಇಲ್ಲೇ ಜಾಸ್ತಿ. ಫೋಟೋ ಚೆನ್ನಾಗಿ ಬರಲಿ ಅಂತ ಜಾರ್ಜೆಟ್ ಸೀರೆ, ಜರಿ ಇರುವ ಭಾರದ ಲಂಗ, ಬಿಗಿಯಾದ ಜೀನ್ಸ್ ಹಾಕಿಕೊಂಡು ಬರುತ್ತಾರೆ. ಮುನ್ನೂರು ಚಿಲ್ಲರೆ ಮೆಟ್ಟಿಲು ಹತ್ತಿದ ಮೇಲೆ ಮುಖ ಕೆಂಪಾಗಿ, ಬೆನ್ನಿಗೆ ಬಟ್ಟೆ ಅಂಟಿಕೊಂಡಿರುವಾಗ ಯಾವ ಫೋಟೋ ತಾನೇ ಚೆನ್ನಾಗಿ ಬರುತ್ತದೆ? ಹತ್ತಿಯದ್ದೇ ಸರಿ. ಹತ್ತಿಯಲ್ಲೂ ಒಮ್ಮೆಯೂ ಒಗೆಯದ ಹೊಸದು ಬೇಡ, ನಾಲ್ಕು ಸಲ ಒಗೆದು ಮೆತ್ತಗಾದದ್ದನ್ನು ಆರಿಸಿ. ಸೀರೆಗೆ ಗಂಜಿ ಹಾಕುವವರು ತೆಳ್ಳಗೆ ಹಾಕಿ. ಗಟ್ಟಿ ಗಂಜಿ ಹಾಕಿದ ಸೀರೆ ಬೆಳಿಗ್ಗೆ ಏಳಕ್ಕೆ ಚೆಂದ ನಿಲ್ಲುತ್ತದೆ, ಹನ್ನೊಂದಕ್ಕೆ ಬೆವರು ಕುಡಿದು ಸೊಂಟದ ಹತ್ತಿರ ಮುದ್ದೆಯಾಗುತ್ತದೆ. ಒಳಲಂಗವೂ ಹತ್ತಿಯದ್ದೇ ಆಗಬೇಕು, ಸ್ಯಾಟಿನ್ ಒಳಲಂಗ ಉಟ್ಟರೆ ಮೇಲೆ ಎಂಥ ಹತ್ತಿ ಸೀರೆ ಉಟ್ಟರೂ ಪ್ರಯೋಜನವಿಲ್ಲ. ನೆರಿಗೆಯನ್ನು ಹಿಮ್ಮಡಿ ಕಾಣುವಷ್ಟು ಮೇಲಕ್ಕೆ ಹಿಡಿದು ಉಡಿ. ಮೆಟ್ಟಿಲು ಹತ್ತುವಾಗ ಒಂದು ಕೈ ಸೀರೆಗೆ, ಒಂದು ಕೈ ಮಗುವಿಗೆ ಅಂತಾದರೆ ನೀರಿನ ಬಾಟಲಿ ಹಿಡಿಯುವವರು ಯಾರು?

ಬಣ್ಣದ ವಿಚಾರಕ್ಕೆ ಬಂದರೆ, ಮೇಲುಕೋಟೆಯ ಕಲ್ಲೆಲ್ಲ ಬೂದು ಮತ್ತು ಮಾಸಿದ ಕಂದು. ಅದರ ಮುಂದೆ ಅರಿಶಿನ, ಕುಂಕುಮ, ನೀಲಿ, ಎಲೆಹಸಿರು ಎದ್ದು ಕಾಣುತ್ತವೆ. ತಿಳಿ ಕ್ರೀಮು, ತಿಳಿ ಗುಲಾಬಿ ಉಟ್ಟರೆ ಕಲ್ಲಿನ ಜೊತೆ ಕಲ್ಲಾಗಿಬಿಡುತ್ತೀರಿ. ಗಂಡಸರಿಗೆ ಬಿಳಿ ಪಂಚೆ ಒಪ್ಪುತ್ತದೆ, ಗಾಳಿಯೂ ಆಡುತ್ತದೆ, ಆದರೆ ಮಂಟಪದ ಕಟ್ಟೆ ಮೇಲೆ ಕೂತೆದ್ದರೆ ಹಿಂದೆ ಧೂಳಿನ ಗುರುತು ಗ್ಯಾರಂಟಿ. ಹೆಗಲಿಗೊಂದು ಟವೆಲ್ ಹಾಕಿಕೊಳ್ಳಿ. ಕೂರಲು, ಬೆವರು ಒರೆಸಲು, ತಲೆಗೆ ಸುತ್ತಿಕೊಳ್ಳಲು ಎಲ್ಲಕ್ಕೂ ಅದೇ. ಪಂಚೆ ರೂಢಿ ಇಲ್ಲದವರು ಸುಮ್ನೆ ಶೋಕಿಗೆ ಉಟ್ಟು ಬೆಟ್ಟ ಹತ್ತುವುದು ಬೇಡ, ಸಡಿಲವಾದ ಹತ್ತಿ ಪ್ಯಾಂಟು, ಅರ್ಧ ತೋಳಿನ ಅಂಗಿ ಸಾಕು. ಅಂದ ಹಾಗೆ ಮೇಲುಕೋಟೆಯಲ್ಲೇ ಖಾದಿ ನೇಯುವ ಕೆಲಸ ನಡೆಯುತ್ತದೆ. ಜನಪದ ಸೇವಾ ಟ್ರಸ್ಟ್‌ನವರು ಸಹಜ ಬಣ್ಣ ಹಾಕಿದ ಖಾದಿ ಮಾಡುತ್ತಾರೆ. ದಪ್ಪ ನೂಲಿನ ಈ ಬಟ್ಟೆ ಸೆಕೆಗೆ ಹೇಗಪ್ಪಾ ಅಂತ ಮೊದಲು ಅನಿಸಬಹುದು, ಉಟ್ಟ ಮೇಲೆ ಹಾಗನಿಸುವುದಿಲ್ಲ. ಬೆವರು ಹೀರಿಕೊಂಡು ಬೇಗ ಆರುತ್ತದೆ.

ಒಡವೆ ಕಡಿಮೆ ಇರಲಿ. ಕುತ್ತಿಗೆಗೆ ಬಿಗಿಯಾಗಿ ಕೂರುವ ಲೋಹದ ಸರ ಬಿಸಿಲಿಗೆ ಕಾಯುತ್ತದೆ, ಬೆವರು ಸೇರಿ ಗಂಧೆ ಏಳುತ್ತದೆ. ಗಾಜಿನ ಬಳೆ, ಮಣ್ಣಿನ ಓಲೆ ಸಾಕು. ಮಲ್ಲಿಗೆ ಮಾತ್ರ ಬಿಡಬೇಡಿ, ಬೇಸಿಗೆಯೇ ಅದರ ಕಾಲ. ಆದರೆ ಬೆಳಿಗ್ಗೆಯೇ ಮುಡಿದರೆ ಹತ್ತು ಗಂಟೆಗೆ ಕಂದಿ ಹೋಗುತ್ತದೆ. ಬಿಗಿ ಮೊಗ್ಗಿನ ದಂಡೆ ಕಟ್ಟಿ, ಬಾಳೆ ಎಲೆಯಲ್ಲಿ ಸುತ್ತಿ, ಅದರ ಮೇಲೆ ಒದ್ದೆ ಬಟ್ಟೆ ಸುತ್ತಿ ಬುತ್ತಿ ಚೀಲದಲ್ಲಿಟ್ಟುಕೊಳ್ಳಿ. ಸಂಜೆ ನಾಲ್ಕಕ್ಕೆ ತೆಗೆದು ಮುಡಿಯಿರಿ. ಆ ಹೊತ್ತಿಗೆ ಮೊಗ್ಗು ಅರಳಲು ಶುರುವಾಗಿರುತ್ತದೆ, ಫೋಟೋ ತೆಗೆಯುವ ಹೊತ್ತೂ ಅದೇ.

ಚಪ್ಪಲಿ ಬಗ್ಗೆ ಒಂದೇ ಮಾತು: ಲೇಸು ಕಟ್ಟುವ ಶೂ ಬೇಡ, ಬಿಡುವುದು ಹಾಕುವುದು ಇದ್ದೇ ಇರುತ್ತದೆ. ಚೀಲದಲ್ಲಿ ಒಂದೊಂದು ಜೊತೆ ಹತ್ತಿಯ ಕಾಲುಚೀಲ ಇಟ್ಟುಕೊಳ್ಳಿ. ಶ್ರವಣಬೆಳಗೊಳದಲ್ಲಿ ಕಾಲುಚೀಲ ಹಾಕಿಕೊಂಡು ಬೆಟ್ಟ ಹತ್ತುವವರನ್ನು ನೋಡಿರುತ್ತೀರಿ, ಅದೇ ಉಪಾಯ. ಮಕ್ಕಳ ಅಂಗಾಲು ಬಹಳ ಮೆತ್ತಗೆ, ಅವರಿಗೆ ಮೊದಲು ಹಾಕಿ.

ಬುತ್ತಿಗೆ ಬರೋಣ. ಮೇಲುಕೋಟೆಗೆ ಪುಳಿಯೋಗರೆ ಕಟ್ಟಿಕೊಂಡು ಹೋಗುವುದು ಬೇಡ, ಅದನ್ನು ಅಲ್ಲೇ ತಿನ್ನಬೇಕು. ನೀವು ಒಯ್ಯಬೇಕಾದದ್ದು ಬೆಳಗಿನ ತಿಂಡಿ ಮತ್ತು ಮಧ್ಯಾಹ್ನದ ಮೊಸರನ್ನ. ತಿಂಡಿಗೆ ಇಡ್ಲಿ ಒಳ್ಳೆಯದು. ತೆಂಗಿನಕಾಯಿ ಚಟ್ನಿ ಬೇಸಿಗೆಯಲ್ಲಿ ಕೈಕೊಡುತ್ತದೆ, ಅದರ ಬದಲು ಇಡ್ಲಿ ಬೆಚ್ಚಗಿರುವಾಗಲೇ ಎರಡೂ ಕಡೆ ಎಳ್ಳೆಣ್ಣೆಯಲ್ಲಿ ಕಲಸಿದ ಚಟ್ನಿಪುಡಿ ಸವರಿ ಡಬ್ಬಿಗೆ ಜೋಡಿಸಿ. ದಾರಿಯಲ್ಲಿ ತಟ್ಟೆ, ಬಟ್ಟಲು ಯಾವುದೂ ಬೇಡ. ಚಿತ್ರಾನ್ನ ಮಾಡುವವರು ಕಾಯಿತುರಿ ಉದುರಿಸಬೇಡಿ, ಕಾರಣ ಅದೇ.

ಮೊಸರನ್ನಕ್ಕೆ ಮೊಸರಿಗಿಂತ ಹಾಲು ಮುಖ್ಯ. ಒಂದು ಲೋಟ ಅಕ್ಕಿಗೆ ನಾಲ್ಕು ಲೋಟ ನೀರು ಹಾಕಿ ಮೆತ್ತಗೆ ಬೇಯಿಸಿ, ಬಿಸಿ ಇರುವಾಗಲೇ ಸೌಟಿನ ಹಿಂಬದಿಯಿಂದ ಹಿಸುಕಿ. ಉಗುರುಬೆಚ್ಚಗಾದ ಮೇಲೆ ಕಾಯಿಸಿ ಆರಿಸಿದ ಹಾಲು ಒಂದೂವರೆ ಲೋಟ ಸೇರಿಸಿ, ಆಮೇಲೆ ಹುಳಿಯಿಲ್ಲದ ಗಟ್ಟಿ ಮೊಸರು ಎರಡೇ ಚಮಚ. ನೋಡುವುದಕ್ಕೆ ತೀರಾ ನೀರುನೀರಾಗಿ, ಗಂಜಿಯ ಹಾಗೆ ಕಾಣುತ್ತದೆ, ಹೆದರಬೇಡಿ. ಹೊರಡುವ ಮುಂಚೆ ಕಲಸಿಟ್ಟರೆ ದಾರಿಯಲ್ಲೇ ಹೆಪ್ಪಾಗುತ್ತಾ ಬಂದು, ಹನ್ನೆರಡು ಗಂಟೆಗೆ ಡಬ್ಬಿ ತೆಗೆದಾಗ ಹದವಾಗಿ, ಸಿಹಿಯಾಗಿಯೇ ಇರುತ್ತದೆ. ಪೂರ್ತಿ ಮೊಸರಲ್ಲೇ ಕಲಸಿದ್ದು ಆ ಹೊತ್ತಿಗೆ ಹಲ್ಲು ಚುಳ್ಳೆನ್ನುವಷ್ಟು ಹುಳಿಯಾಗಿರುತ್ತದೆ. ಒಗ್ಗರಣೆಗೆ ಸಾಸಿವೆ, ಹಸಿಮೆಣಸು, ಶುಂಠಿ, ಕರಿಬೇವು, ಇಂಗು. ಈರುಳ್ಳಿ, ಸೌತೆಕಾಯಿ ಬೇಡ, ನೀರು ಬಿಡುತ್ತವೆ. ದಾಳಿಂಬೆ ಕಾಳು ಬೇರೆ ಡಬ್ಬಿಯಲ್ಲಿರಲಿ. ನೆಂಚಿಕೊಳ್ಳಲು ಬಾಳಕದ ಮೆಣಸಿನಕಾಯಿ ಕರಿದುಕೊಂಡು ಹೋಗಿ. ಉಪ್ಪಿನಕಾಯಿ ಇರಲೇಬೇಕು ಅನ್ನುವವರ ಜೊತೆ ನಾನು ವಾದಕ್ಕೆ ನಿಲ್ಲುವುದಿಲ್ಲ.

ಕುಡಿಯಲು ನೀರು ತಲೆಗೆ ಎರಡು ಲೀಟರ್ ಇರಲಿ. ಜೊತೆಗೆ ಬೆಲ್ಲ, ನಿಂಬೆಹಣ್ಣು, ಒಣಶುಂಠಿ, ಏಲಕ್ಕಿ ಹಾಕಿದ ಪಾನಕ ಒಂದು ಬಾಟಲಿ. ಎಳನೀರು ದಾರಿಯುದ್ದಕ್ಕೂ ಸಿಗುತ್ತದೆ, ಮದ್ದೂರು ಎಳನೀರಿನ ದೊಡ್ಡ ಮಾರುಕಟ್ಟೆ. ಕಬ್ಬಿನಹಾಲಿಗೆ ಮಂಡ್ಯದಲ್ಲಿ ಕೊರತೆಯಿಲ್ಲ. ಐಸ್ ಹಾಕಬೇಡಿ ಅಂತ ಮೊದಲೇ ಹೇಳಿ ಕುಡಿಯಿರಿ.

ಊರು ಸೇರಿದ ಮೇಲೆ ಮೊದಲು ಕಲ್ಯಾಣಿ. ಏಳೂವರೆ ಹೊತ್ತಿಗೆ ಅಲ್ಲಿ ತಂಪು ಇನ್ನೂ ಇರುತ್ತದೆ. ಸುತ್ತಲಿನ ಕಲ್ಲುಮಂಟಪದ ನೆರಳಲ್ಲಿ ಇಡ್ಲಿ ಮುಗಿಸಿ. ಕೋತಿಗಳ ಮೇಲೆ ಒಂದು ಕಣ್ಣಿರಲಿ. ಅವಕ್ಕೆ ಪ್ಲಾಸ್ಟಿಕ್ ಕವರಿನ ಸರಸರ ಸದ್ದು ಚೆನ್ನಾಗಿ ಗೊತ್ತು. ಬಟ್ಟೆ ಚೀಲದೊಳಗೆ ಸ್ಟೀಲ್ ಡಬ್ಬಿ ಇಟ್ಟವರ ಹತ್ತಿರ ಸಾಮಾನ್ಯವಾಗಿ ಸುಳಿಯುವುದಿಲ್ಲ, ಕೈಯಲ್ಲಿ ಚಿಪ್ಸ್ ಹಿಡಿದ ಮಗುವನ್ನು ಬಿಡುವುದಿಲ್ಲ. ಆಮೇಲೆ ಊರೊಳಗಿನ ಚೆಲುವನಾರಾಯಣ ಸ್ವಾಮಿ ದೇವಸ್ಥಾನ. 12ನೇ ಶತಮಾನದಲ್ಲಿ ರಾಮಾನುಜಾಚಾರ್ಯರು ಇದ್ದ ಊರು ಇದು, ಇಲ್ಲಿನ ಪೂಜೆಯ ಕ್ರಮ, ಉತ್ಸವಗಳೆಲ್ಲ ಅವರ ಹೆಸರಿನ ಜೊತೆಗೇ ಸೇರಿಕೊಂಡಿವೆ. ಬೆಟ್ಟದ ಮೇಲಿನ ಯೋಗನರಸಿಂಹ ಗುಡಿಯ ಬಾಗಿಲು ಬೆಳಗಿನ ಜಾವವೇ ತೆಗೆದಿರುವುದಿಲ್ಲ, ಅದಕ್ಕೇ ಈ ಅನುಕ್ರಮ. ಸಮಯ ಉತ್ಸವಗಳ ದಿನ ಬದಲಾಗುತ್ತದೆ, ಹಿಂದಿನ ದಿನ ವಿಚಾರಿಸಿಕೊಂಡರೆ ಒಳ್ಳೆಯದು. ವೈರಮುಡಿ ಉತ್ಸವ ಮಾರ್ಚ್-ಏಪ್ರಿಲ್ ಹೊತ್ತಿಗೆ ಬರುತ್ತದೆ. ಆ ದಿನಗಳಲ್ಲಿ ಸುಮ್ನೆ ಊರು ನೋಡಲು ಅಂತ ಹೋಗಬೇಡಿ, ಕಾಲಿಡಲು ಜಾಗ ಇರುವುದಿಲ್ಲ.

ಹನ್ನೊಂದರೊಳಗೆ ಬೆಟ್ಟ ಇಳಿದುಬಿಡಿ. ಈಗ ಪುಳಿಯೋಗರೆ. ದೇವಸ್ಥಾನದ ಸುತ್ತಮುತ್ತ, ಕಲ್ಯಾಣಿ ಹತ್ತಿರ ಸಣ್ಣ ಸಣ್ಣ ಹೋಟೆಲುಗಳಿವೆ. ಒಂದು ಪುಳಿಯೋಗರೆ, ಒಂದು ಸಕ್ಕರೆ ಪೊಂಗಲ್ ತೆಗೆದುಕೊಂಡು ಇಬ್ಬರು ಹಂಚಿಕೊಳ್ಳಿ, ಹೊಟ್ಟೆ ಬಿರಿಯ ತಿಂದರೆ ಸೆಕೆಯಲ್ಲಿ ಕೂರುವುದೇ ಕಷ್ಟ. ಒಳ್ಳೆಯ ಪುಳಿಯೋಗರೆ ಅನ್ನದ ಬಣ್ಣ ಗಾಢ ಕಂದು, ಅಗುಳು ಒಂದಕ್ಕೊಂದು ಅಂಟಿರುವುದಿಲ್ಲ, ಬೆರಳಿಗೆ ಎಳ್ಳೆಣ್ಣೆಯ ಜಿಡ್ಡು ಹತ್ತುತ್ತದೆ. ಬಾಯಿಗಿಟ್ಟರೆ ಮೊದಲು ಹುಳಿ, ಹಿಂದೆ ಬೆಲ್ಲ, ನುಂಗಿದ ಮೇಲೆ ಗಂಟಲಲ್ಲಿ ಮೆಣಸಿನ ಖಾರ. ಹಳದಿ ಬಣ್ಣಕ್ಕಿದ್ದು ಬರೀ ಖಾರದಪುಡಿ ರುಚಿ ಬಂದರೆ ಮುಂದಿನ ಸಲ ಬೇರೆ ಅಂಗಡಿ ನೋಡಿ.

ಮಧ್ಯಾಹ್ನ ಏನು ಮಾಡುವುದು ಅಂತ ಕೇಳುತ್ತೀರಿ. ಏನೂ ಮಾಡಬೇಡಿ. ಮಂಟಪದ ನೆರಳಲ್ಲಿ ಜಮಖಾನ ಹಾಸಿ, ಮೊಸರನ್ನ ತಿಂದು, ಮಲಗಿ. ಮಕ್ಕಳಿಗೆ ಚೌಕಾಬಾರದ ಕವಡೆ ಕೊಟ್ಟುಬಿಡಿ, ಮನೆ ಗೆರೆ ಎಳೆಯಲು ಒಂದು ತುಂಡು ಬಳಪ ಸಾಕು, ಎದ್ದು ಹೊರಡುವಾಗ ನೀರು ಹಾಕಿ ಅಳಿಸಿಬಿಡಿ. ದೇವಸ್ಥಾನವೂ ಮಧ್ಯಾಹ್ನ ಮುಚ್ಚಿರುತ್ತದೆ, ಹಾಗಾಗಿ ಏನೋ ತಪ್ಪಿಸಿಕೊಳ್ಳುತ್ತಿದ್ದೇವೆ ಅನ್ನುವ ಚಿಂತೆ ಬೇಡ.

ನಾಲ್ಕರ ಮೇಲೆ ಮುಖ ತೊಳೆದು, ಮಲ್ಲಿಗೆ ಮುಡಿದು ಎದ್ದೇಳಿ. ಅಕ್ಕ-ತಂಗಿ ಕೊಳಗಳನ್ನು ನೋಡಿ: ಅಕ್ಕಪಕ್ಕದಲ್ಲೇ ಎರಡು ಕೊಳ, ಒಂದರ ನೀರು ಕುಡಿಯಲು ಬರುತ್ತದೆ, ಇನ್ನೊಂದರದ್ದು ಬರುವುದಿಲ್ಲ ಅಂತ ಊರವರು ಕಥೆ ಹೇಳುತ್ತಾರೆ. ಅಲ್ಲಿಂದ ರಾಯಗೋಪುರ. ಕಟ್ಟಿ ಮುಗಿಸದೆ ಬಿಟ್ಟ ಗೋಪುರ, ಎತ್ತರದ ಕಂಬಗಳು ಹಾಗೇ ನಿಂತಿವೆ. ಸಂಜೆಯ ಓರೆ ಬಿಸಿಲಿಗೆ ಕಲ್ಲು ಹೊಂಬಣ್ಣಕ್ಕೆ ತಿರುಗುತ್ತದೆ, ಫೋಟೋ ಎಲ್ಲ ಇಲ್ಲೇ ತೆಗೆಯಿರಿ. ಸಿನಿಮಾದವರು ಈ ಊರಿಗೆ ಸುಮ್ನೆ ಬರುವುದಿಲ್ಲ. ನಿಂತು ಪೋಸ್ ಕೊಡುವುದಕ್ಕಿಂತ ನಡೆಯುತ್ತಿರುವಾಗ ತೆಗೆದದ್ದು ಚೆನ್ನಾಗಿರುತ್ತದೆ, ಹತ್ತಿ ಸೀರೆಯ ಸೆರಗು ಗಾಳಿಗೆ ಹಾರುವುದು ಆಗಲೇ. ಕಂಬದ ಮೇಲೆ ಹತ್ತುವುದು, ಹೆಸರು ಕೆತ್ತುವುದು ಮಾತ್ರ ಬೇಡವೇ ಬೇಡ.

ತೊಣ್ಣೂರು ಕೆರೆ ಪಾಂಡವಪುರದ ಕಡೆಯ ದಾರಿಯಲ್ಲಿ ಸಿಗುತ್ತದೆ. ನೀರು ತಿಳಿಯಾಗಿದೆ ಅಂತ ಈಜಲು ಇಳಿಯುವವರಿದ್ದಾರೆ, ಆಳ ಗೊತ್ತಾಗುವುದಿಲ್ಲ, ದಡದಲ್ಲೇ ಕೂತು ಬನ್ನಿ. ಮೇ ತಿಂಗಳಲ್ಲಿ ಸಂಜೆ ಹೊತ್ತಿಗೆ ಗುಡುಗು-ಮಳೆ ಬರುವುದುಂಟು. ಮೋಡ ಕಟ್ಟಿದರೆ ಬೆಟ್ಟದ ಮೇಲೆ, ಬಯಲಲ್ಲಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ, ಗಾಡಿಯೊಳಗೆ ಸೇರಿಕೊಳ್ಳಿ. ಭಾನುವಾರ ಸಂಜೆ ಬೆಂಗಳೂರಿನ ಕಡೆ ಗಾಡಿ ಸಾಲುಗಟ್ಟಿರುತ್ತವೆ, ಅವಸರ ಮಾಡಿ ಲಾಭವಿಲ್ಲ. ಮದ್ದೂರಲ್ಲಿ ಇಳಿದು ವಡೆ ತಿನ್ನಿ. ಮೈದಾ, ಅಕ್ಕಿಹಿಟ್ಟು, ಚಿರೋಟಿ ರವೆ, ಈರುಳ್ಳಿ ಹಾಕಿ ತಟ್ಟಿದ ಅದು ಬಿಸಿ ಇದ್ದಾಗ ಅಂಚು ಗರಿಗರಿ, ನಡುವೆ ಮೆತ್ತಗೆ. ಮನೆಗೆ ಕಟ್ಟಿಸಿಕೊಂಡರೆ ಕಾಗದದ ಪೊಟ್ಟಣದಲ್ಲಿ ಕಟ್ಟಿಸಿ, ಪ್ಲಾಸ್ಟಿಕ್‌ನಲ್ಲಿ ಬೆವರಿ ಜೋತುಬೀಳುತ್ತದೆ.

ಪುಳಿಯೋಗರೆ ಗೊಜ್ಜು ತಂದಿದ್ದರೆ ಗಾಜಿನ ಬಾಟಲಿಗೆ ಹಾಕಿ, ಮೇಲೆ ಎಣ್ಣೆಯ ಪದರ ನಿಂತಿರಲಿ, ಒಣ ಚಮಚದಲ್ಲೇ ತೆಗೆಯಿರಿ. ಅನ್ನವನ್ನು ಅಗಲ ತಟ್ಟೆಗೆ ಹರವಿ, ಒಂದು ಚಮಚ ಎಳ್ಳೆಣ್ಣೆ ಹಾಕಿ ಆರಿಸಿ, ಆಮೇಲೆ ಗೊಜ್ಜು ಕಲಸಿ ಅರ್ಧ ಗಂಟೆ ಬಿಡಿ. ಸೀರೆಗೆ ಅದರ ಎಣ್ಣೆ ಬಿದ್ದಿದ್ದರೆ ನೀರು ಹಾಕುವ ಮುಂಚೆ ಕಡಲೆಹಿಟ್ಟು ಉದುರಿಸಿ ಹತ್ತು ನಿಮಿಷ ಬಿಟ್ಟು ಕೊಡವಿ, ಆಮೇಲೆ ಸೋಪು ಹಚ್ಚಿ ಒಗೆಯಿರಿ.