ಮಿಲಿಟರಿ ಪೊಲೀಸ್ ಸೇರಬೇಕೆನ್ನುವ ಹೆಣ್ಣುಮಕ್ಕಳಿಗೆ

ನಾನು ಈ ದಳದಲ್ಲಿ ಹವಾಲ್ದಾರನಾಗಿ ನಿವೃತ್ತನಾದವನು. ಈಗ ನಮ್ಮೂರ ಮೈದಾನದಲ್ಲಿ ಹುಡುಗಿಯರನ್ನು ಓಡಿಸುತ್ತೇನೆ. ಅರ್ಜಿ ತುಂಬುವ ಮೊದಲು ಒಂದು ಮಾತು ತಿಳಿದಿರಲಿ ತಂಗಿಯರೇ: ತಪ್ಪು ಮಾಡಿದ ಸೈನಿಕರನ್ನು ಹಿಡಿಯುವುದಷ್ಟೇ ಮಿಲಿಟರಿ ಪೊಲೀಸರ ಕೆಲಸವಲ್ಲ.

ಯುದ್ಧಕಾಲದಲ್ಲಿ ಸೇತುವೆಯ ಬಾಯಲ್ಲಿ ನಿಂತು ಯಾವ ಗಾಡಿ ಮೊದಲು, ಯಾವುದು ಆಮೇಲೆ ಎಂದು ಬಿಡುವವರು ಕೆಂಪು ಟೋಪಿಯ ಈ ಪೊಲೀಸರೇ. ರಾತ್ರಿ ಹೆಡ್‌ಲೈಟ್ ಹಾಕುವಂತಿಲ್ಲ. ಡ್ರೈವರ್‌ಗೆ ಕಾಣುವುದು ನಿಮ್ಮ ಕೈಯ ಸಣ್ಣ ಟಾರ್ಚ್ ಮಾತ್ರ. ನಿಮ್ಮ ಕೈ ತಡವರಿಸಿದರೆ ಹಿಂದಿನ ಸಾಲೆಲ್ಲ ನಿಲ್ಲುತ್ತದೆ, ನಿಂತ ಸಾಲು ಶತ್ರುವಿಗೆ ಸುಲಭದ ಗುರಿ. ಯುದ್ಧಕೈದಿಗಳನ್ನು ಶಿಬಿರಕ್ಕೆ ಮುಟ್ಟಿಸುವುದು, ನಿರಾಶ್ರಿತರನ್ನು ಸೇನೆಯ ದಾರಿಗೆ ಅಡ್ಡ ಬಾರದಂತೆ ಸಾಗಿಸುವುದೂ ಈ ದಳದ್ದೇ. ಅದಕ್ಕೇ ನಮ್ಮ ಧ್ಯೇಯವಾಕ್ಯ ‘ಸೇವಾ ತಥಾ ಸಹಾಯತಾ’.

ದಳದ ಬೇರು 1939ರ ಮಹಾಯುದ್ಧದ ಕಾಲದ್ದು. ತರಬೇತಿ ಕೇಂದ್ರ ಈಗ ನಮ್ಮ ಬೆಂಗಳೂರಿನಲ್ಲೇ ಇದೆ. 2021ರ ಮೇ 8ರಂದು ಅಲ್ಲಿಯ ದ್ರೋಣಾಚಾರ್ಯ ಮೈದಾನದಿಂದ, 61 ವಾರ ತರಬೇತಿ ಮುಗಿಸಿದ 83 ಹೆಣ್ಣುಮಕ್ಕಳ ಮೊದಲ ತಂಡ ಹೊರಬಂತು. ಅಲ್ಲಿಯವರೆಗೆ ಸೇನೆಯಲ್ಲಿ ಹೆಣ್ಣುಮಕ್ಕಳಿದ್ದದ್ದು ಅಧಿಕಾರಿಗಳಾಗಿ. ಸಿಪಾಯಿಗಳಾಗಿ ಬಂದದ್ದು ಇವರೇ ಮೊದಲು. ಆ ಸುದ್ದಿ ಕೇಳಿ ನನಗಾದ ಹೆಮ್ಮೆ ಇಷ್ಟಿಷ್ಟಲ್ಲ.

ಈಗ ನೇಮಕಾತಿ ಅಗ್ನಿಪಥ್ ಯೋಜನೆಯಲ್ಲಿ, ಅಗ್ನಿವೀರರಾಗಿ. ನಾಲ್ಕು ವರ್ಷ ಸೇವೆ, ಆಮೇಲೆ ಶೇ 25ರವರೆಗೆ ಮಾತ್ರ ಕಾಯಂ. ಇದನ್ನು ಮನೆಯವರಿಗೂ ಮೊದಲೇ ಹೇಳಿಡಿ. ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು ಶೇ 45, ಪ್ರತಿ ವಿಷಯದಲ್ಲೂ ಶೇ 33 ಬೇಕು. ಎತ್ತರ 162 ಸೆಂ.ಮೀ. ವಯಸ್ಸಿನ ಮಿತಿಯನ್ನು ಆಯಾ ವರ್ಷದ ಅಧಿಸೂಚನೆಯಲ್ಲೇ ನೋಡಿ. ಮೊದಲು ಕಂಪ್ಯೂಟರ್ ಪರೀಕ್ಷೆ, ಪಾಸಾದವರಿಗೆ ರ‍್ಯಾಲಿ, ಅಂದರೆ ಮೈದಾನದಲ್ಲಿ ಓಟ-ಜಿಗಿತದ ಪರೀಕ್ಷೆ.

ಓಟ 1.6 ಕಿ.ಮೀ., ಅಂದರೆ 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು. ಏಳೂವರೆ ನಿಮಿಷದೊಳಗೆ ಮುಗಿಸಿದರೆ ಮೊದಲ ಗುಂಪು, ಎಂಟರೊಳಗೆ ಎರಡನೆಯದು. ಬಹಳ ಹುಡುಗಿಯರು ಸೋಲುವುದು ಮೊದಲ ಸುತ್ತಿನಲ್ಲೇ. ಶಿಳ್ಳೆ ಬಿದ್ದೊಡನೆ ಪಕ್ಕದವಳನ್ನು ನೋಡಿ ಓಡುತ್ತಾರೆ, ಮೂರನೆಯ ಸುತ್ತಿಗೆ ಕಾಲು ಕಲ್ಲಾಗುತ್ತದೆ. ಸುತ್ತಿಗೆ 1 ನಿಮಿಷ 50 ಸೆಕೆಂಡಿನ ಲಯ ಕಾಲಿಗೆ ರೂಢಿಯಾಗಲಿ, ಉಳಿದ ಉಸಿರು ಕೊನೆಯ ಸುತ್ತಿಗಿರಲಿ. ಹತ್ತು ಅಡಿ ಉದ್ದಜಿಗಿತ, ಮೂರು ಅಡಿ ಎತ್ತರಜಿಗಿತವೂ ಇವೆ. ವಾರಕ್ಕೆರಡು ದಿನ ಮರಳಿನಲ್ಲಿ ಜಿಗಿದರೆ ಅವು ತಾವಾಗಿ ಬರುತ್ತವೆ.

ಓಟದಷ್ಟೇ ಗಂಟಲನ್ನೂ ಪಳಗಿಸಿ. ಮೈದಾನದ ಆ ತುದಿಯವರೆಗೆ ಕೇಳುವಂತೆ, ಕೀರಲಾಗದಂತೆ ‘ಥಮ್’ (ನಿಲ್ಲು) ಎನ್ನಿ. ಮುಂದೆ ನಿಮಗಿಂತ ದೊಡ್ಡ ರ‍್ಯಾಂಕಿನವರ ಗಾಡಿಯನ್ನೂ ನಿಲ್ಲಿಸಬೇಕಾಗುತ್ತದೆ. ಆಗ ಸೆಲ್ಯೂಟ್ ಮೊದಲು, ಪ್ರಶ್ನೆ ಆಮೇಲೆ. ನಿಮ್ಮ ಅಧಿಕಾರದ ಗಡಿಯೂ ಗೊತ್ತಿರಬೇಕು. 1950ರ ಸೇನಾ ಕಾಯ್ದೆಯ 107ನೇ ಕಲಂ ಪ್ರಕಾರ ಪ್ರೊವೋಸ್ಟ್, ಅಂದರೆ ಮಿಲಿಟರಿ ಪೊಲೀಸ್, ಬಂಧಿಸಬಹುದು, ತಾನೇ ಶಿಕ್ಷೆ ಕೊಡುವಂತಿಲ್ಲ. ಅಧಿಕಾರಿಯನ್ನು ಬಂಧಿಸಲು ಇನ್ನೊಬ್ಬ ಅಧಿಕಾರಿಯ ಆದೇಶ ಬೇಕೇ ಬೇಕು. ಈ ಗಡಿಯನ್ನು ಕಾಯುವ ಪೊಲೀಸನ ಮೇಲೆಯೇ ಜವಾನನಿಗೆ ನಂಬಿಕೆ ಹುಟ್ಟುವುದು.

ಕೊನೆಗೆ ಕಾಗದಪತ್ರ. ಆಧಾರ್, ಅಂಕಪಟ್ಟಿ, ವಾಸಸ್ಥಳ ಪ್ರಮಾಣಪತ್ರ ಮೂರರಲ್ಲೂ ನಿಮ್ಮ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಅಕ್ಷರಕ್ಕಕ್ಷರ ಒಂದೇ ಇರಲಿ. ತಿದ್ದುಪಡಿಗೆ ದಿನ ಹಿಡಿಯುತ್ತದೆ, ಈಗಲೇ ಮಾಡಿಸಿ. ಸೀಟು ಕೊಡಿಸುತ್ತೇನೆಂದು ಬರುವ ಏಜೆಂಟರ ಕೈಗೆ ಒಂದು ರೂಪಾಯಿಯನ್ನೂ ಇಡಬೇಡಿ, ಅಸಲಿ ಅಂಕಪಟ್ಟಿಯನ್ನಂತೂ ಕೊಡಲೇಬೇಡಿ.